ಸಿನಿಮಾ ಮುಗಿದ ಮೇಲಿನ ಏಳು ಸೋಲುಗಳು

1971ರ ಅಕ್ಟೋಬರ್ 2, ಶನಿವಾರ. ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಮಾರ್ಷಲ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಪಕ್ಕದ ಒಹಾಯೊ ರಾಜ್ಯದ ಮಯಾಮಿ ವಿಶ್ವವಿದ್ಯಾಲಯದ ಎದುರು 66-6ರಿಂದ ಸೋತಿತು. ಅರವತ್ತು ಅಂಕಗಳ ಅಂತರ. ಸೋತವರಲ್ಲಿ ಹೆಚ್ಚಿನವರು ಹದಿನೆಂಟು, ಹತ್ತೊಂಬತ್ತರ ಹುಡುಗರು. ಕೆಲವೇ ತಿಂಗಳ ಹಿಂದೆ ಹೈಸ್ಕೂಲು ಮುಗಿಸಿ ಬಂದವರೂ ಅವರಲ್ಲಿದ್ದರು.

ಅದಕ್ಕೆ ಸರಿಯಾಗಿ ಒಂದು ವಾರ ಮೊದಲು ಇದೇ ಹುಡುಗರು ಝೇವಿಯರ್ ವಿಶ್ವವಿದ್ಯಾಲಯದ ತಂಡವನ್ನು ಪಂದ್ಯದ ಕಟ್ಟಕಡೆಯ ಗಳಿಗೆಯಲ್ಲಿ ಸೋಲಿಸಿದ್ದರು. ಆ ಗೆಲುವು ಅಮೆರಿಕದ ಕಾಲೇಜು ಕ್ರೀಡೆಯ ಚರಿತ್ರೆಯಲ್ಲಿ ದೊಡ್ಡ ಹೆಸರು ಪಡೆಯಿತು. 2006ರಲ್ಲಿ ಹಾಲಿವುಡ್ ಅದರ ಮೇಲೆ ‘ವಿ ಆರ್ ಮಾರ್ಷಲ್’ ಎಂಬ ಸಿನಿಮಾ ಮಾಡಿತು. ಕೋಚ್‌ನ ಪಾತ್ರದಲ್ಲಿ ಮ್ಯಾಥ್ಯೂ ಮೆಕಾನಹಿ ನಟಿಸಿದರು. ಸಿನಿಮಾದ ಕಥೆ ಆ ಗೆಲುವಿಗೆ ಬಂದು ಮುಗಿಯುತ್ತದೆ. ಆದರೆ ಆ ಋತುವಿನಲ್ಲಿ ಇನ್ನೂ ಎಂಟು ಪಂದ್ಯಗಳು ಬಾಕಿಯಿದ್ದವು. ಎಂಟರಲ್ಲಿ ಏಳನ್ನು ಮಾರ್ಷಲ್ ಸೋತಿತು. ಇಡೀ ಋತುವಿನ ಲೆಕ್ಕ ಎರಡು ಗೆಲುವು, ಎಂಟು ಸೋಲು.

ಗೆದ್ದ ದಿನದ ಬಗ್ಗೆ ಬರೆದವರು ಬಹಳ ಮಂದಿ. ಹೀನಾಯವಾಗಿ ಸೋತ ಶನಿವಾರ ಕಳೆದು ಸೋಮವಾರ ಮತ್ತೆ ಹೆಲ್ಮೆಟ್ ಹಾಕಿಕೊಂಡು ಅಭ್ಯಾಸಕ್ಕೆ ಇಳಿದದ್ದೇ ಆ ತಂಡದ ನಿಜವಾದ ಕೆಲಸವೆಂದು ನನಗೆ ಅನ್ನಿಸುತ್ತದೆ. ಅದು ಯಾಕೆಂದು ತಿಳಿಯಬೇಕಾದರೆ ಸ್ವಲ್ಪ ಹಿಂದಿನಿಂದ ಶುರುಮಾಡಬೇಕು.

ಮಾರ್ಷಲ್ ಇರುವ ಹಂಟಿಂಗ್‌ಟನ್ ಒಹಾಯೊ ನದಿಯ ದಡದ ಊರು. ವೆಸ್ಟ್ ವರ್ಜೀನಿಯಾ, ಒಹಾಯೊ, ಕೆಂಟಕಿ ಈ ಮೂರು ರಾಜ್ಯಗಳು ಕೂಡುವ ಮೂಲೆ. ರೈಲ್ವೆ ಉದ್ಯಮಿ ಕಾಲಿಸ್ ಹಂಟಿಂಗ್‌ಟನ್ ತನ್ನ ಚೆಸಾಪೀಕ್ ಅಂಡ್ ಒಹಾಯೊ ರೈಲು ಮಾರ್ಗಕ್ಕಾಗಿ 1871ರಲ್ಲಿ ಕಟ್ಟಿಸಿದ ಊರಿದು. ಸುತ್ತ ಅಪಲೇಚಿಯನ್ ಗುಡ್ಡಗಳು, ಕಲ್ಲಿದ್ದಲಿನ ಸೀಮೆ. ಊರಿಗಿಂತ ಹಳೆಯದು ಅಲ್ಲಿನ ಕಾಲೇಜು; 1837ರಲ್ಲಿ ಶುರುವಾದದ್ದು, ಅಮೆರಿಕದ ಮುಖ್ಯ ನ್ಯಾಯಮೂರ್ತಿಯಾಗಿದ್ದ ಜಾನ್ ಮಾರ್ಷಲ್ ಹೆಸರು ಹೊತ್ತದ್ದು, 1961ರಲ್ಲಿ ವಿಶ್ವವಿದ್ಯಾಲಯವಾದದ್ದು. ಅದರ ಫುಟ್‌ಬಾಲ್ ತಂಡಕ್ಕೆ ‘ಥಂಡರಿಂಗ್ ಹರ್ಡ್’ ಎಂದು ಹೆಸರು. ಗುಡುಗುತ್ತಾ ಓಡುವ ಕಾಡೆಮ್ಮೆಗಳ ಹಿಂಡು ಅದರ ಲಾಂಛನ, ಬಣ್ಣ ಹಸಿರು ಮತ್ತು ಬಿಳಿ.

ಇಂಥ ಊರುಗಳಲ್ಲಿ ಕಾಲೇಜು ತಂಡವೆಂದರೆ ಊರಿನದೇ ತಂಡ. ವೈದ್ಯರು, ವಕೀಲರು, ಅಂಗಡಿ ಮಾಲೀಕರು ಹಣ ಕೂಡಿಸಿ ತಂಡಕ್ಕೆ ಬೆನ್ನಾಗಿ ನಿಲ್ಲುತ್ತಾರೆ. ಬೂಸ್ಟರ್‌ಗಳೆಂದು ಅವರನ್ನು ಕರೆಯುವುದು ವಾಡಿಕೆ. ದೂರದ ಪಂದ್ಯಗಳಿಗೂ ಜೊತೆಯಲ್ಲಿ ಹೋಗುತ್ತಾರೆ.

ಆಟದ ಬಗ್ಗೆಯೂ ಎರಡು ಮಾತು ಹೇಳಬೇಕು. ಇದು ನಾವು ಆಡುವ, ನೋಡುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಮುಂದಕ್ಕೆ ಎಸೆಯಬಹುದು. ಒಂದೊಂದು ಕಡೆಗೆ ಹನ್ನೊಂದು ಮಂದಿ. ಚೆಂಡು ಸಿಕ್ಕ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು, ಹೋಗದಿದ್ದರೆ ಚೆಂಡು ಎದುರಾಳಿಗೆ. ಎದುರಾಳಿಯ ಕೊನೆಯ ಗೆರೆ ದಾಟಿದರೆ ಟಚ್‌ಡೌನ್, ಆರು ಅಂಕ. ಅದರ ಬೆನ್ನಿಗೆ ಕಂಬಗಳ ನಡುವೆ ಒದ್ದರೆ ಇನ್ನೊಂದು. ಗೆರೆ ದಾಟಲಾಗದೆ ದೂರದಿಂದಲೇ ಕಂಬಗಳ ನಡುವೆ ಒದ್ದರೆ ಮೂರು. ಆಟ ಶುರುವಾದ ಪ್ರತಿ ಸಲವೂ ಎರಡೂ ಕಡೆಯ ಮುಂದಿನ ಸಾಲಿನವರು ಮೈಗೆ ಮೈ ಕೊಟ್ಟು ನೂಕಾಡುತ್ತಾರೆ. ತೂಕ, ಬಲ, ವಯಸ್ಸು ಎಲ್ಲವೂ ಅಲ್ಲಿ ಲೆಕ್ಕಕ್ಕೆ ಬರುತ್ತವೆ. ಹದಿನೆಂಟರ ಹುಡುಗ ಇಪ್ಪತ್ತೆರಡರವನ ಎದುರು ಒಂದು ಸಲ ನಿಲ್ಲಬಹುದು, ಹತ್ತು ಸಲ ನಿಲ್ಲಬಹುದು. ಅರವತ್ತನೆಯ ಸಲಕ್ಕೆ ಕಾಲು ಸೋಲುತ್ತದೆ. ಅದಕ್ಕೇ ಆ ಕಾಲದಲ್ಲಿ ಅಮೆರಿಕದ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎ ಮೊದಲ ವರ್ಷದ ವಿದ್ಯಾರ್ಥಿಗಳನ್ನು ಕಾಲೇಜಿನ ಮುಖ್ಯ ಫುಟ್‌ಬಾಲ್ ತಂಡಕ್ಕೆ ಬಿಡುತ್ತಿರಲಿಲ್ಲ. ಅವರಿಗೆ ಬೇರೆಯೇ ತಂಡ, ಬೇರೆಯೇ ಪಂದ್ಯಗಳು. ಆ ನಿಯಮ ಬದಲಾದದ್ದು 1972ರಲ್ಲಿ.

ಸೋಲು ಮಾರ್ಷಲ್‌ಗೆ ಹೊಸದಾಗಿರಲಿಲ್ಲ. ಅರವತ್ತರ ದಶಕದ ಕೊನೆಯಲ್ಲಿ ಸತತ 27 ಪಂದ್ಯಗಳನ್ನು ಗೆಲುವಿಲ್ಲದೆ ಕಳೆದಿತ್ತು. ಆಟಗಾರರನ್ನು ಸೇರಿಸಿಕೊಳ್ಳುವಲ್ಲಿ ನಿಯಮ ಮುರಿದದ್ದಕ್ಕೆ 1969ರಲ್ಲಿ ಮಿಡ್-ಅಮೆರಿಕನ್ ಕಾನ್ಫರೆನ್ಸ್ ಎಂಬ ತನ್ನ ಕಾಲೇಜು ಕೂಟದಿಂದಲೂ ಹೊರಬಿದ್ದಿತ್ತು. ಹೊಸ ಕೋಚ್ ರಿಕ್ ಟಾಲಿ ಬಂದು, ಅದೇ ವರ್ಷ ಬೌಲಿಂಗ್ ಗ್ರೀನ್ ತಂಡವನ್ನು ಸೋಲಿಸಿ ಆ ಬರವನ್ನು ಮುಗಿಸಿದರು. 1970ರ ಹೊತ್ತಿಗೆ ತಂಡ ಚೇತರಿಸಿಕೊಳ್ಳುತ್ತಿತ್ತು. ಗೆಲುವು ಇನ್ನೂ ಕಡಿಮೆಯೇ, ಆದರೆ ಸೋಲುಗಳು ಕಿರಿದಾಗತೊಡಗಿದ್ದವು. ನವೆಂಬರ್ 14ರಂದು ನಾರ್ತ್ ಕ್ಯಾರೊಲಿನಾದಲ್ಲಿ ಈಸ್ಟ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಎದುರು 17-14, ಬರೀ ಮೂರು ಅಂಕಗಳ ಸೋಲು.

ಸಾಮಾನ್ಯವಾಗಿ ಬಸ್ಸಿನಲ್ಲಿ ಓಡಾಡುತ್ತಿದ್ದ ತಂಡ ಆ ಪಂದ್ಯಕ್ಕೆ ವಿಮಾನ ಹಿಡಿದಿತ್ತು. ಸದರ್ನ್ ಏರ್‌ವೇಸ್‌ನಿಂದ ಬಾಡಿಗೆಗೆ ಪಡೆದ ಡಿಸಿ-9. ಕಿನ್‌ಸ್ಟನ್ ನಿಲ್ದಾಣದಿಂದ ಸಂಜೆ ಹೊರಟಿತು. ಹಂಟಿಂಗ್‌ಟನ್‌ನ ವಿಮಾನ ನಿಲ್ದಾಣ ಗುಡ್ಡ ಕಡಿದು ಮಟ್ಟಮಾಡಿದ ಜಾಗದಲ್ಲಿದೆ. ಇಳಿಯುವ ವಿಮಾನಕ್ಕೆ ಎಷ್ಟು ಎತ್ತರದಲ್ಲಿ ಬರುತ್ತಿದ್ದೇನೆಂದು ಕ್ಷಣಕ್ಷಣವೂ ತೋರಿಸುವ ಗ್ಲೈಡ್ ಸ್ಲೋಪ್ ಸಾಧನ ಆಗ ಅಲ್ಲಿರಲಿಲ್ಲ. ಮಳೆ ಹನಿಯುತ್ತಿತ್ತು, ಮಂಜು ಕವಿದಿತ್ತು. ಏಳೂವರೆ ದಾಟುತ್ತಿದ್ದ ಹಾಗೆ, ರನ್‌ವೇಗೆ ಇನ್ನೊಂದು ಮೈಲಿ ಇರುವಾಗ ವಿಮಾನ ಗುಡ್ಡದ ಮೇಲಿನ ಮರಗಳಿಗೆ ತಾಗಿ ಉರುಳಿತು. ಒಳಗಿದ್ದ 75 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ರನ್‌ವೇ ಕಣ್ಣಿಗೆ ಬೀಳದೆಯೇ ವಿಮಾನ ಇಳಿಯಬಾರದ ಮಟ್ಟಕ್ಕಿಂತ ಕೆಳಗೆ ಇಳಿದದ್ದು ಕಾರಣವೆಂದು ತನಿಖಾ ಮಂಡಳಿ ಹೇಳಿತು.

37 ಆಟಗಾರರು. ಟಾಲಿ ಮತ್ತು ಅವರ ಸಹಾಯಕರು. ಕ್ರೀಡಾ ನಿರ್ದೇಶಕ. ರೇಡಿಯೊದಲ್ಲಿ ಪಂದ್ಯದ ವಿವರಣೆ ಕೊಡುತ್ತಿದ್ದ ಜೀನ್ ಮೋರ್‌ಹೌಸ್. ವಿಮಾನದ ಐವರು ಸಿಬ್ಬಂದಿ. 25 ಮಂದಿ ಊರ ಬೆಂಬಲಿಗರು, ಅವರಲ್ಲಿ ಊರಿಗೆಲ್ಲ ಗೊತ್ತಿದ್ದ ವೈದ್ಯರು. ದಂಪತಿಗಳಾಗಿ ಹೊರಟಿದ್ದವರೂ ಇದ್ದರು. ಎಪ್ಪತ್ತು ಮಕ್ಕಳು ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡರು, ಹದಿನೆಂಟು ಮಕ್ಕಳಿಗೆ ಇಬ್ಬರೂ ಇಲ್ಲವಾದರು. ಆರು ಆಟಗಾರರ ದೇಹಗಳ ಗುರುತು ಹತ್ತಲಿಲ್ಲ. ಅವರನ್ನು ಊರೆಲ್ಲ ಕಾಣುವ ಸ್ಪ್ರಿಂಗ್ ಹಿಲ್ ಸ್ಮಶಾನದ ಎತ್ತರದಲ್ಲಿ ಸಾಲಾಗಿ ಮಣ್ಣು ಮಾಡಿದರು. ಸತ್ತವರಲ್ಲಿ ನಾಲ್ವರು ದೂರದ ಅಲಬಾಮಾದ ಟಸ್ಕಲೂಸಾ ಎಂಬ ಒಂದೇ ಊರಿನ ಕರಿಯ ಹುಡುಗರು. ತಮ್ಮ ಊರಿನ ದೊಡ್ಡ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡಕ್ಕೆ ಕರಿಯರನ್ನು ಸೇರಿಸಿಕೊಳ್ಳಲು ಆಗಷ್ಟೇ ಶುರುವಾಗಿದ್ದ ಕಾಲ ಅದು. ಆಡಬೇಕೆಂಬ ಆಸೆ ಅವರನ್ನು ಅಷ್ಟು ದೂರ ಕರೆತಂದಿತ್ತು.

ಸಹಾಯಕ ಕೋಚ್ ರೆಡ್ ಡಾಸನ್ ಆ ವಿಮಾನದಲ್ಲಿರಲಿಲ್ಲ. ಹೊಸ ಆಟಗಾರನೊಬ್ಬನನ್ನು ನೋಡಿ ಬರಲು ಇನ್ನೊಬ್ಬ ಸಹಾಯಕನ ಜೊತೆ ಕಾರಿನಲ್ಲಿ ಹೊರಟಿದ್ದರು. ದಾರಿಯಲ್ಲಿ ಕಾರಿನ ರೇಡಿಯೊ ಸುದ್ದಿ ಹೇಳಿತು. ಆ ಹುಡುಗರಲ್ಲಿ ಅನೇಕರ ಮನೆಗಳಿಗೆ ಡಾಸನ್ ಖುದ್ದಾಗಿ ಹೋಗಿ, ತಂದೆತಾಯಿಯರ ಎದುರು ಕೂತು, ನಂಬಿಸಿ ಕರೆತಂದಿದ್ದರು. ಈಗ ಅವೇ ಮನೆಗಳಿಗೆ ಅಂತ್ಯಸಂಸ್ಕಾರಕ್ಕೆ ಹೋಗಬೇಕಾಯಿತು. ಎದೆ ಗಟ್ಟಿಯಿದ್ದವರೂ ಇಂಥದನ್ನು ಒಂದೆರಡು ಸಲ ಮಾಡಬಹುದು. ಅವರು ವಾರಗಟ್ಟಲೆ ಮಾಡಿದರು.

ಆ ಋತುವಿನಲ್ಲಿ ಉಳಿದಿದ್ದ ಒಂದು ಪಂದ್ಯ ರದ್ದಾಯಿತು. ಮುಂದೇನು ಎಂಬ ಪ್ರಶ್ನೆ ವಿಶ್ವವಿದ್ಯಾಲಯದ ಹಂಗಾಮಿ ಅಧ್ಯಕ್ಷ ಡಾನಲ್ಡ್ ಡೆಡ್‌ಮನ್ ಮುಂದೆ ಬಂತು. ಫುಟ್‌ಬಾಲನ್ನು ಅಲ್ಲಿಗೇ ನಿಲ್ಲಿಸಬೇಕೆಂಬ ಮಾತು ಊರಿನಲ್ಲಿತ್ತು. ಆ ಮಾತಿನಲ್ಲಿ ಹೇಡಿತನ ಕಾಣುವುದು ಸರಿಯಲ್ಲ. ಮಗ ಸತ್ತ ಮನೆಯೆದುರಿನ ಬೀದಿಯಲ್ಲಿ ಅದೇ ಆಟಕ್ಕೆ ಬ್ಯಾಂಡು ಬಾರಿಸುತ್ತಾ ಮೆರವಣಿಗೆ ಹೋಗುವುದನ್ನು ಯಾರಿಗೆ ನೋಡಲಾಗುತ್ತದೆ? ಇನ್ನೊಂದು ಕಡೆ, ಗಾಯಗೊಂಡೋ ಬೇರೆ ಕಾರಣಕ್ಕೋ ವಿಮಾನ ಹತ್ತದೆ ಉಳಿದ ಬೆರಳೆಣಿಕೆಯ ಆಟಗಾರರು ತಂಡ ಉಳಿಯಬೇಕೆಂದು ಹಟ ಹಿಡಿದರು. ಅವರಲ್ಲಿ ಮುಂದೆ ನಿಂತವನು ಫ್ಲಾರಿಡಾದ ನೇಟ್ ರಫಿನ್. ತೋಳಿಗೆ ಪೆಟ್ಟಾಗಿದ್ದರಿಂದ ಆ ದಿನ ಅವನು ಹಂಟಿಂಗ್‌ಟನ್‌ನಲ್ಲೇ ಉಳಿದಿದ್ದ.

ಇಲ್ಲೊಂದು ಸಂಗತಿಯನ್ನು ಮರೆಯಬಾರದು. ಮಾರ್ಷಲ್ ದುರಂತಕ್ಕೆ ಆರು ವಾರ ಮೊದಲು, ಅಕ್ಟೋಬರ್ 2ರಂದು, ಕ್ಯಾನ್ಸಸ್‌ನ ವಿಚಿಟಾ ಸ್ಟೇಟ್ ವಿಶ್ವವಿದ್ಯಾಲಯದ ತಂಡ ಎರಡು ವಿಮಾನಗಳಲ್ಲಿ ಪಂದ್ಯಕ್ಕೆ ಹೊರಟಿತ್ತು. ಒಂದು ವಿಮಾನ ಕೊಲೊರಾಡೊದ ಬೆಟ್ಟಗಳಿಗೆ ಬಡಿದು 31 ಮಂದಿ ಸತ್ತರು. ಉಳಿದ ಆಟಗಾರರು ಋತುವನ್ನು ಪೂರ್ತಿ ಮಾಡುತ್ತೇವೆಂದು ಮತ ಹಾಕಿ ತೀರ್ಮಾನಿಸಿದರು. ಮೊದಲ ವರ್ಷದವರನ್ನು ಆಡಿಸಲು ಎನ್‌ಸಿಎಎ ಅವರಿಗೆ ಒಪ್ಪಿಗೆ ಕೊಟ್ಟಿತು. ದುರಂತದ ನಂತರದ ಮೊದಲ ಪಂದ್ಯದಲ್ಲಿ ಬಲಿಷ್ಠ ಅರ್ಕನ್ಸಾ ತಂಡದ ಎದುರು 62-0ರಿಂದ ಸೋತರು. ಆ ವರ್ಷ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಅವರ ಮೇಲೆ ದೊಡ್ಡ ಸಿನಿಮಾ ಬರಲಿಲ್ಲ. ಕೊನೆಯ ಗಳಿಗೆಯ ಗೆಲುವೊಂದು ಅವರ ಪಾಲಿಗೆ ಬಾರದೇ ಹೋದದ್ದಷ್ಟೇ ವ್ಯತ್ಯಾಸ ಎಂದು ನಾನು ತಿಳಿದಿದ್ದೇನೆ. ಆಡಿದ ಧೈರ್ಯ ಎರಡೂ ಕಡೆ ಒಂದೇ.

ಮಾರ್ಷಲ್ ಮುಂದುವರಿಯಲು ನಿರ್ಧರಿಸಿತು. ನಿರ್ಧಾರವಾದರೂ ಕೋಚ್ ಸಿಗಬೇಕಲ್ಲ. ಜಾರ್ಜಿಯಾ ಟೆಕ್‌ನ ಸಹಾಯಕ ಕೋಚ್ ಒಬ್ಬರು ಒಪ್ಪಿಕೊಂಡು, ಕೆಲವೇ ದಿನಗಳಲ್ಲಿ ಬೇಡವೆಂದು ಹಿಂತಿರುಗಿದರು. ಕೊನೆಗೆ 1971ರ ಮಾರ್ಚ್‌ನಲ್ಲಿ ಒಹಾಯೊದ ವೂಸ್ಟರ್ ಎಂಬ ಚಿಕ್ಕ ಕಾಲೇಜಿನ ಕೋಚ್ ಜಾಕ್ ಲೆಂಗ್ಯೆಲ್ ನೇಮಕವಾದರು. ಅವರಿಗಾಗ ಮೂವತ್ತಾರರ ಆಸುಪಾಸು. ಈ ಕೆಲಸಕ್ಕೆ ಅವರು ತಾವಾಗಿಯೇ ಮುಂದೆ ಬಂದಿದ್ದರು. ಇನ್ನೊಂದು ವರ್ಷ ಮಾತ್ರ ಎಂದು ಡಾಸನ್ ಕೂಡ ಜೊತೆಯಲ್ಲಿ ಉಳಿಯಲು ಒಪ್ಪಿದರು.

ಕೋಚ್ ಬಂದರು, ತಂಡವಿರಲಿಲ್ಲ. ಹಿಂದಿನ ವರ್ಷದ ಮುಖ್ಯ ತಂಡದಲ್ಲಿ ಉಳಿದವರು ಕೈಬೆರಳಲ್ಲಿ ಎಣಿಸುವಷ್ಟು. 1970ರಲ್ಲಿ ಮೊದಲ ವರ್ಷದವರಾಗಿದ್ದು, ನಿಯಮದ ಕಾರಣ ವಿಮಾನ ಹತ್ತದೆ ಉಳಿದ ಹುಡುಗರು ಇನ್ನೊಂದಷ್ಟು. ಟಸ್ಕಲೂಸಾದವನೇ ಆದ ರೆಜಿ ಆಲಿವರ್ ಅವರಲ್ಲೊಬ್ಬ. ತನ್ನೂರಿನ ನಾಲ್ವರು ಗೆಳೆಯರನ್ನು ಕಳೆದುಕೊಂಡ ಅವನೇ ಈಗ ತಂಡದ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್. ಇದಿಷ್ಟರಿಂದ ತಂಡ ತುಂಬುವುದಿಲ್ಲ. ಮೊದಲ ವರ್ಷದವರನ್ನು ಆಡಿಸಲು ಮಾರ್ಷಲ್‌ಗೂ ಎನ್‌ಸಿಎಎ ವಿಶೇಷ ಅನುಮತಿ ಕೊಟ್ಟಿತು. ಕಾಲೇಜಿನ ಬೇರೆ ಆಟಗಳ ಹುಡುಗರು ಬಂದರು. ವಿದ್ಯಾರ್ಥಿವೇತನವಿಲ್ಲದೆ, ಯಾರೂ ಕರೆಯದೆ, ಆಡುತ್ತೇವೆಂದು ಬಂದು ನಿಂತವರೂ ಇದ್ದರು. ಹೀಗೆ ಕೂಡಿದ ತಂಡವನ್ನು ‘ಯಂಗ್ ಥಂಡರಿಂಗ್ ಹರ್ಡ್’ ಎಂದು ಕರೆಯತೊಡಗಿದರು. ನೇಟ್ ರಫಿನ್ ನಾಯಕನಾದ.

ಇಂಥ ಹುಡುಗರಿಗೆ ಯಾವ ಆಟ ಕಲಿಸುವುದು? ಲೆಂಗ್ಯೆಲ್ ಮೊದಲು ಯೋಚಿಸಿದ್ದು ಬಲದ ಮೇಲೆ ನಿಂತ, ನೇರವಾಗಿ ನುಗ್ಗುವ ಪದ್ಧತಿ. ಅದಕ್ಕೆ ಭಾರೀ ಆಳುಗಳು ಬೇಕು. ಹುಡುಗರನ್ನು ನೋಡಿದ ಮೇಲೆ ಅದನ್ನು ಕೈಬಿಟ್ಟರು. ಹ್ಯೂಸ್ಟನ್‌ನಲ್ಲಿ ಬಿಲ್ ಯೋಮನ್ ರೂಪಿಸಿದ್ದ ವೀರ್ ಎಂಬ ಪದ್ಧತಿ ಆಗ ಹೆಸರು ಮಾಡಿತ್ತು. ಅದರ ಉಪಾಯ ಸರಳ, ಆಡುವುದು ಕಷ್ಟ. ಎದುರಾಳಿಯ ಮುಂದಿನ ಸಾಲಿನಲ್ಲಿ ಒಬ್ಬನನ್ನು ಬೇಕೆಂದೇ ಯಾರೂ ತಡೆಯದೆ ಬಿಡುತ್ತಾರೆ. ಕ್ವಾರ್ಟರ್‌ಬ್ಯಾಕ್ ಅವನನ್ನೇ ನೋಡುತ್ತಾ ಓಡುತ್ತಾನೆ. ಅವನು ಒಳಕ್ಕೆ ಬಂದರೆ ಚೆಂಡನ್ನು ತಾನೇ ಇಟ್ಟುಕೊಂಡು ಹೊರಕ್ಕೆ ಓಡಬೇಕು. ಅವನು ನಿಂತರೆ ಒಳಕ್ಕೆ ನುಗ್ಗುತ್ತಿರುವ ಜೊತೆಗಾರನಿಗೆ ಕೊಡಬೇಕು. ಮುಂದೆ ಇನ್ನೊಬ್ಬ ಅಡ್ಡ ಬಂದರೆ ಪಕ್ಕದಲ್ಲಿ ಓಡಿಬರುತ್ತಿರುವವನಿಗೆ ಎಸೆಯಬೇಕು. ಎಲ್ಲವೂ ಕಣ್ಣೆವೆ ಮುಚ್ಚಿ ತೆಗೆಯುವಷ್ಟರಲ್ಲಿ. ತಡೆಯಬೇಕಾದವರಲ್ಲಿ ಒಬ್ಬ ಕಡಿಮೆಯಾದದ್ದರಿಂದ, ತೂಕ ಕಮ್ಮಿಯಿದ್ದವರಿಗೂ ಅಲ್ಲಿ ಒಂದು ದಾರಿ ಸಿಗುತ್ತದೆ.

ಅದನ್ನು ಕಲಿಯಲು ಲೆಂಗ್ಯೆಲ್ ಹೋದದ್ದು ಅದೇ ರಾಜ್ಯದ ದೊಡ್ಡ ವಿಶ್ವವಿದ್ಯಾಲಯ ವೆಸ್ಟ್ ವರ್ಜೀನಿಯಾಕ್ಕೆ. ಅಲ್ಲಿನ ಕೋಚ್ ಬಾಬಿ ಬೌಡನ್ ಮುಂದೆ ಫ್ಲಾರಿಡಾ ಸ್ಟೇಟ್‌ನಲ್ಲಿ ದಶಕಗಟ್ಟಲೆ ಕೆಲಸ ಮಾಡಿ ಅಮೆರಿಕದ ಅತಿ ಯಶಸ್ವಿ ಕಾಲೇಜು ಕೋಚ್‌ಗಳಲ್ಲಿ ಒಬ್ಬರೆನಿಸಿದವರು. ತಮ್ಮ ತಂಡದ ಆಟದ ಪುಸ್ತಕ, ಪಂದ್ಯಗಳ ಫಿಲ್ಮ್ ಎಲ್ಲವನ್ನೂ ಬೌಡನ್ ಅವರ ಮುಂದೆ ತೆರೆದಿಟ್ಟರು. ಕಾಲೇಜು ಫುಟ್‌ಬಾಲ್‌ನಲ್ಲಿ ಯಾರೂ ಯಾರಿಗೂ ತೋರಿಸದ ವಸ್ತುಗಳು ಅವು. ದುರಂತದ ಬಳಿಕ ಬೌಡನ್‌ರ ಆಟಗಾರರು ತಮ್ಮ ಹೆಲ್ಮೆಟ್‌ಗಳ ಮೇಲೆ ಹಸಿರು ಶಿಲುಬೆಯ ಜೊತೆ ಮಾರ್ಷಲ್‌ನ ಎರಡು ಇಂಗ್ಲಿಷ್ ಅಕ್ಷರಗಳನ್ನು ಹಾಕಿಕೊಂಡು ಆಡಿದ್ದರು. ಒಂದೇ ರಾಜ್ಯದ ದೊಡ್ಡ ಕಾಲೇಜಿಗೂ ಚಿಕ್ಕ ಕಾಲೇಜಿಗೂ ನಡುವೆ ಇರುವ ಬಿಗುಮಾನ ಬಲ್ಲವರಿಗೆ ಇದರ ಬೆಲೆ ತಿಳಿಯುತ್ತದೆ.

ಸೆಪ್ಟೆಂಬರ್ 18ರಂದು ಮೊದಲ ಪಂದ್ಯ, ಕೆಂಟಕಿಯ ಮೋರ್‌ಹೆಡ್ ಸ್ಟೇಟ್ ತಂಡದ ಊರಿನಲ್ಲಿ. 29-6ರ ಸೋಲು. ಮುಂದಿನ ಶನಿವಾರ, 25ರಂದು, ಹಂಟಿಂಗ್‌ಟನ್‌ನ ಫೇರ್‌ಫೀಲ್ಡ್ ಸ್ಟೇಡಿಯಂನಲ್ಲಿ, ದುರಂತದ ಬಳಿಕ ತವರಿನಲ್ಲಿ ಮೊದಲ ಪಂದ್ಯ. ಎದುರಾಳಿ ಸಿನ್ಸಿನ್ಯಾಟಿಯ ಝೇವಿಯರ್.

ಅರ್ಧ ಪಂದ್ಯ ಮುಗಿದಾಗ ಮಾರ್ಷಲ್ 3-0ರಿಂದ ಮುಂದಿತ್ತು. ಬ್ಲೇಕ್ ಸ್ಮಿತ್ ದೂರದಿಂದ ಒದ್ದು ತಂದ ಮೂರು ಅಂಕ. ಆಮೇಲೆ ಝೇವಿಯರ್ ಮುಂದೆ, ಮತ್ತೆ ಮಾರ್ಷಲ್ ಮುಂದೆ, ಮತ್ತೆ ಝೇವಿಯರ್. ಕೊನೆಯ ನಿಮಿಷದಲ್ಲಿ ಲೆಕ್ಕ 13-9. ಮೂರು ಅಂಕ ಸಾಲದು, ಗೆರೆ ದಾಟಲೇಬೇಕು. ಗಡಿಯಾರದಲ್ಲಿ ಕೆಲವೇ ಸೆಕೆಂಡು, ಗೆರೆಗೆ ಹದಿಮೂರು ಗಜ, ಒಂದೇ ಆಟ ಬಾಕಿ. ರೆಜಿ ಆಲಿವರ್ ಚೆಂಡು ಹಿಡಿದು ಒಂದು ಬದಿಗೆ ಓಡಿದ. ಎದುರಾಳಿಗಳು ಅವನ ಹಿಂದೆ ಓಡಿದರು. ಅವನು ತಿರುಗಿ ಇನ್ನೊಂದು ಬದಿಯಲ್ಲಿದ್ದ ಟೆರಿ ಗಾರ್ಡ್‌ನರ್‌ಗೆ ಎಸೆದ. ಗಾರ್ಡ್‌ನರ್ ಮೊದಲ ವರ್ಷದ ಹುಡುಗ. ಮುಂದಿದ್ದವನನ್ನು ಜೊತೆಗಾರ ಜಾಕ್ ಕ್ರಾಬ್‌ಟ್ರೀ ಕೆಡವಿ ದಾರಿ ಮಾಡಿಕೊಟ್ಟ. ಗಾರ್ಡ್‌ನರ್ ಗೆರೆ ದಾಟಿದಾಗ ಗಡಿಯಾರದಲ್ಲಿ ಸಮಯ ಉಳಿದಿರಲಿಲ್ಲ. 15-13. ಜನ ಮೈದಾನಕ್ಕೆ ನುಗ್ಗಿದರು, ಅತ್ತರು, ಅಪರಿಚಿತರನ್ನು ತಬ್ಬಿಕೊಂಡರು, ಬಹಳ ಹೊತ್ತಿನ ತನಕ ಮನೆಗೆ ಹೋಗಲಿಲ್ಲ.

ಆ ದಿನವನ್ನು ಕಡೆಗಣಿಸುವ ಮನಸ್ಸು ನನಗಿಲ್ಲ. ಹತ್ತು ತಿಂಗಳು ಬರೀ ಸಾವಿನ ಸುದ್ದಿಯಲ್ಲಿ ಮುಳುಗಿದ್ದ ಊರಿಗೆ ಒಂದು ಸಂಜೆ ನಗುವುದಕ್ಕೆ ಕಾರಣ ಸಿಕ್ಕಿತು. ಅಂಥ ಸಂಜೆಯನ್ನು ಆ ಊರಿನವರು ಎಷ್ಟು ಸಲ ನೆನೆದರೂ ನ್ಯಾಯವೇ.

ಆದರೆ ಶನಿವಾರದ ನಂತರ ಇನ್ನೊಂದು ಶನಿವಾರ ಬರುತ್ತದೆ. ಮಯಾಮಿ ತಂಡ ಅಳುತ್ತಾ ಆಡಲಿಲ್ಲ, ಕನಿಕರಿಸಲಿಲ್ಲ. 66-6. ಅದು ಕ್ರೌರ್ಯ ಎನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಎದುರಿಗಿರುವವರನ್ನು ತಂಡವೆಂದು ಒಪ್ಪಿ ಪೂರ್ತಿ ಬಲ ಹಾಕಿ ಆಡುವುದೂ ಒಂದು ಮರ್ಯಾದೆಯೇ. ಬೇಕೆಂದೇ ಮೆತ್ತಗೆ ಆಡಿದ್ದರೆ ಆ ಹುಡುಗರಿಗೆ ಅದು ಸೋಲಿಗಿಂತ ಹೆಚ್ಚು ನೋವು ಕೊಡುತ್ತಿತ್ತು.

ಆಮೇಲಿನ ವಾರಗಳು ಹೆಚ್ಚುಕಡಿಮೆ ಒಂದೇ ತೆರ. ಕೆಲವು ಪಂದ್ಯಗಳಲ್ಲಿ ಒಂದು ಅಂಕವೂ ಸಿಗಲಿಲ್ಲ. ಮೊದಲರ್ಧದಲ್ಲಿ ತಡೆದು ನಿಂತವರು ಎರಡನೆಯರ್ಧದಲ್ಲಿ ಸುಸ್ತಾಗಿ ಕುಸಿದರೆ ಅವರ ಜಾಗಕ್ಕೆ ಇಳಿಸಲು ಬೇರೆ ಆಟಗಾರರಿರಲಿಲ್ಲ. ಪೆಟ್ಟಾದವನಿಗೆ ಬದಲಿ ಎಂದರೆ ಅವನಿಗಿಂತ ಚಿಕ್ಕವನು. ಇದರ ಜೊತೆಗೆ ಇನ್ನೊಂದು ಹೊರೆ: ಅವರು ಆಡುತ್ತಿದ್ದದ್ದು ಸತ್ತವರ ಸ್ಥಾನಗಳಲ್ಲಿ, ಸತ್ತವರ ಅಪ್ಪ ಅಮ್ಮಂದಿರ ಕಣ್ಣೆದುರು. ಹೊಸಬನೊಬ್ಬ ಕ್ವಾರ್ಟರ್‌ಬ್ಯಾಕ್ ಆಗಿ ತಪ್ಪು ಮಾಡಿದರೆ, ಅವನಿಗಿಂತ ಚೆನ್ನಾಗಿ ಆಡುತ್ತಿದ್ದವನ ಹೆಸರು ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರ ಮನಸ್ಸಿನಲ್ಲಿ ಹಾದುಹೋಗುತ್ತಿತ್ತು. ಸಾಮಾನ್ಯ ತಂಡಕ್ಕೆ ಸೋಲೆಂದರೆ ಬರೀ ಸೋಲು. ಇವರಿಗೆ ಪ್ರತಿ ಸೋಲೂ ಇಲ್ಲದವರನ್ನು ನೆನಪಿಗೆ ತರುತ್ತಿತ್ತು. ಅಧ್ಯಕ್ಷ ನಿಕ್ಸನ್ ತಂಡವನ್ನು ಮೆಚ್ಚಿ ಪತ್ರ ಬರೆದಿದ್ದರು. ಪತ್ರದಿಂದ ಉಬ್ಬಿದ ಎದೆ ಮುಂದಿನ ಸಾಲಿನ ನೂಕಾಟದಲ್ಲಿ ಎಷ್ಟು ಹೊತ್ತು ನಿಂತೀತು?

ನಡುವೆ ಅಕ್ಟೋಬರ್ 30ರಂದು ಇನ್ನೊಂದು ಗೆಲುವು ಬಂತು, ಹೋಮ್‌ಕಮಿಂಗ್ ಪಂದ್ಯದಲ್ಲಿ, ಅಂದರೆ ಹಳೆಯ ವಿದ್ಯಾರ್ಥಿಗಳೆಲ್ಲ ಊರಿಗೆ ಬರುವ ದಿನ. ಎದುರಾಳಿ ಬೌಲಿಂಗ್ ಗ್ರೀನ್. ಎರಡು ವರ್ಷ ಹಿಂದೆ ಟಾಲಿಯ ಹುಡುಗರು 27 ಪಂದ್ಯಗಳ ಬರ ಮುಗಿಸಿದ್ದೂ ಇವರ ಎದುರೇ. ಅವರ ಕೋಚ್ ಡಾನ್ ನೇಲನ್. ಝೇವಿಯರ್‌ಗಿಂತ ಬಲವಾದ ತಂಡ. ಮಾರ್ಷಲ್ 12-10ರಿಂದ ಗೆದ್ದಿತು. ಝೇವಿಯರ್ ಗೆಲುವಿನಲ್ಲಿ ಅದೃಷ್ಟದ ಪಾಲು ಇತ್ತೆನ್ನಬಹುದು. ಇಲ್ಲಿ ಹಾಗೆ ಹೇಳಲು ಬರುವುದಿಲ್ಲ. ಏಟು ತಿಂದು ತಿಂದು ಆ ಹುಡುಗರು ಆರು ವಾರದಲ್ಲಿ ನಿಜವಾಗಿ ಆಟ ಕಲಿತಿದ್ದರು. ಆದರೂ ಈ ಗೆಲುವನ್ನು ಹಂಟಿಂಗ್‌ಟನ್‌ನ ಹೊರಗೆ ನೆನೆಯುವವರು ವಿರಳ.

ನವೆಂಬರ್‌ನಲ್ಲಿ ಟೊಲಿಡೊ ಎದುರಾಯಿತು. ಆ ಕಾಲದ ಟೊಲಿಡೊ ಎಂದರೆ 1969ರಿಂದ ಸೋಲನ್ನೇ ಕಾಣದ ತಂಡ. ಅದರ ಕ್ವಾರ್ಟರ್‌ಬ್ಯಾಕ್ ಚಕ್ ಈಲಿ ಮೂರು ವರ್ಷಗಳಲ್ಲಿ ಆಡಿದ 35 ಪಂದ್ಯಗಳನ್ನೂ ಗೆದ್ದವನು. ಮಾರ್ಷಲ್ 43-0ರಿಂದ ಸೋತಿತು. ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಅಷ್ಟು ಗೆದ್ದ ಈಲಿಯನ್ನು ಮರುವರ್ಷ ಅಮೆರಿಕದ ವೃತ್ತಿಪರ ಲೀಗ್‌ನ ಯಾವ ತಂಡವೂ ಆಯ್ಕೆಯಲ್ಲಿ ತೆಗೆದುಕೊಳ್ಳಲಿಲ್ಲ. ಕರಿಯನೊಬ್ಬ ತಂಡ ನಡೆಸುವ ಜಾಗದಲ್ಲಿ ನಿಲ್ಲುವುದನ್ನು ಆ ತಂಡಗಳು ಇನ್ನೂ ಒಪ್ಪಿರಲಿಲ್ಲ. ಅವನು ಬೇರೆ ಜಾಗದಲ್ಲಿ ಆಡಲು ಒಪ್ಪಲಿಲ್ಲ. ಕೆನಡಾಕ್ಕೆ ಹೋದ, ಮೊದಲ ವರ್ಷವೇ ಹ್ಯಾಮಿಲ್ಟನ್ ತಂಡಕ್ಕೆ ಅಲ್ಲಿನ ಪರಮೋಚ್ಚ ಪ್ರಶಸ್ತಿಯಾದ ಗ್ರೇ ಕಪ್ ಗೆದ್ದುಕೊಟ್ಟ. ಆ ಮೈದಾನದಲ್ಲಿ ಆ ದಿನ ಎರಡೂ ಕಡೆ ಕರಿಯ ಕ್ವಾರ್ಟರ್‌ಬ್ಯಾಕ್‌ಗಳಿದ್ದರು, ಸೋಲೆಂದರೇನೆಂದು ತಿಳಿಯದ ಈಲಿ ಮತ್ತು ಅದನ್ನೇ ವಾರವಾರವೂ ಉಣ್ಣುತ್ತಿದ್ದ ಆಲಿವರ್. ಅಂಕಪಟ್ಟಿ ಒಬ್ಬನನ್ನು ಮಾತ್ರ ಗುರುತಿಸಿತು.

ಋತು ಮುಗಿಯಿತು. ಡಾಸನ್ ಕೊಟ್ಟ ಮಾತಿನಂತೆ ಒಂದು ವರ್ಷ ಮುಗಿಸಿ ಕೋಚ್ ಕೆಲಸವನ್ನೇ ಬಿಟ್ಟರು; ಕಟ್ಟಡ ಕಟ್ಟಿಸುವ ವ್ಯವಹಾರ ಹಿಡಿದು ಹಂಟಿಂಗ್‌ಟನ್‌ನಲ್ಲೇ ಉಳಿದರು. ಸತ್ತವರ ನೆನಪಿಗೆ 1972ರ ನವೆಂಬರ್‌ನಲ್ಲಿ ಕಾಲೇಜಿನ ಅಂಗಳದಲ್ಲಿ ಶಿಲ್ಪಿ ಹ್ಯಾರಿ ಬರ್ಟೋಯಾ ಮಾಡಿದ ಕಾರಂಜಿ ನಿಂತಿತು. ನೇಟ್ ರಫಿನ್ 2001ರಲ್ಲಿ ತೀರಿಕೊಂಡ. ತನ್ನಿಚ್ಛೆಯಂತೆ ಸ್ಪ್ರಿಂಗ್ ಹಿಲ್‌ನಲ್ಲಿ ಗೆಳೆಯರ ಪಕ್ಕದಲ್ಲಿ ಮಣ್ಣಾದ.

ತಂಡಕ್ಕೆ ಒಳ್ಳೆಯ ದಿನಗಳು ಬಂದವು, ಬಹಳ ತಡವಾಗಿ. ಸೋಲಿಗಿಂತ ಗೆಲುವು ಹೆಚ್ಚಿದ್ದ ಋತು ಮತ್ತೆ ಸಿಕ್ಕಿದ್ದು 1984ರಲ್ಲಿ, ಆರು ಗೆಲುವು, ಐದು ಸೋಲು. 1992ರಲ್ಲೂ 1996ರಲ್ಲೂ ತನ್ನ ವಿಭಾಗದ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ರ‍್ಯಾಂಡಿ ಮಾಸ್, ಚಾಡ್ ಪೆನಿಂಗ್‌ಟನ್ ಅಂಥವರು ಆಡಿ ಹೋದರು. 1999ರಲ್ಲಿ ಆಡಿದ 13 ಪಂದ್ಯಗಳಲ್ಲಿ 13ನ್ನೂ ಗೆದ್ದಿತು. ಈ ಗೆಲುವುಗಳನ್ನು ತೋರಿಸಿ, 1971ರ ಕಷ್ಟಕ್ಕೆ ಕೊನೆಗೂ ಫಲ ಸಿಕ್ಕಿತೆಂದು ಹೇಳುವ ರೂಢಿಯಿದೆ. ಅದರಲ್ಲಿ ಒಂದು ತೊಡಕಿದೆ: ಕಷ್ಟಪಟ್ಟವರಿಗೆ ಆ ಫಲ ಸಿಗಲಿಲ್ಲ. ಮುಂದೆ ಗೆದ್ದವರಲ್ಲಿ ಅನೇಕರು ಆಗ ಹುಟ್ಟಿರಲೂ ಇಲ್ಲ. 1971ರ ಋತುವನ್ನು ಮುಂದೆ ಬಂದದ್ದರಿಂದ ಅಳೆಯದೆ, ಅದು ಇದ್ದ ಹಾಗೆಯೇ ನೋಡಬೇಕು. ಗೆಲ್ಲುವ ಭರವಸೆ ಕೊಡುವವರು ಯಾರೂ ಇರಲಿಲ್ಲ. ಆದರೂ ಹುಡುಗರು ಬಂದರು.

ಲೆಂಗ್ಯೆಲ್ ನಾಲ್ಕು ವರ್ಷ ಇದ್ದರು. 1972ರಲ್ಲಿ ಮತ್ತೆ ಎರಡು ಗೆಲುವು, ಎಂಟು ಸೋಲು. 1973ರಲ್ಲಿ ನಾಲ್ಕು ಗೆಲುವು, ಏಳು ಸೋಲು. 1971ರಲ್ಲಿ ವಿಶೇಷ ಅನುಮತಿಯ ಮೇಲೆ ಮೈದಾನಕ್ಕಿಳಿದಿದ್ದ ಮೊದಲ ವರ್ಷದವರು 1974ಕ್ಕೆ ಕೊನೆಯ ವರ್ಷಕ್ಕೆ ಬಂದರು. ಆ ವರ್ಷ ಒಂದು ಗೆಲುವು, ಹತ್ತು ಸೋಲು. ನಾಲ್ಕೂ ವರ್ಷ ಆಡಿದವರ ಪಾಲಿಗೆ ಒಟ್ಟು ಒಂಬತ್ತು ಗೆಲುವು, ಮೂವತ್ತಮೂರು ಸೋಲು.